ವರ್ಗಕ್ಕೊಬ್ಬ ವರ್ಗಶಿಕ್ಷಕ

ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಹಳಗನ್ನಡ ಕಾವ್ಯವೊಂದರ ರಸವಿಚಾರವನ್ನೋ ವ್ಯಾಕರಣದ ಒಂದು ತೊಡಕನ್ನೋ ನಾನು ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದರೆ ಅದು ಸಹಜವೇ ಸರಿ. ಮೂರು ದಶಕಗಳಿಂದ ಇದೇ ಶಾಲೆಯಲ್ಲಿ ಅದನ್ನೇ ಮಾಡಿಕೊಂಡು ಬಂದವನು ನಾನು. ಆದರೆ ಈ ಸಲ ನಾನು ಬರೆಯಹೊರಟಿರುವ ವಿಷಯ ಬೇರೆ. ಊರೂರಿನ ಅಪರಿಚಿತರು ಸಂಬಳವಿಲ್ಲದೆ ಕೂಡಿ ಕಟ್ಟುತ್ತಿರುವ ಕನ್ನಡ ವಿಕಿಪೀಡಿಯವೆಂಬ ವಿಶ್ವಕೋಶದಲ್ಲಿ ವಿಷಯಗಳನ್ನು ವರ್ಗ ವರ್ಗವಾಗಿ ಜೋಡಿಸುವ ಕೆಲಸ, ಆ ಕೆಲಸಕ್ಕೆ ನಿಲ್ಲಬೇಕಾದ ಸ್ವಯಂಸೇವಕ ಸಂಪಾದಕರು, ಇವೇ ಈ ಲೇಖನದ ವಸ್ತು. ತಾಳೆಗರಿಯ ಪಂಡಿತನಿಗೆ ಗಣಕಯಂತ್ರದ ಗೊಡವೆ ಏಕೆಂದು ವಾಚಕ ಮಹಾಶಯರು ನಗಬಹುದು. ಕೊನೆಯವರೆಗೆ ಓದಿ ಆಮೇಲೆ ನಗಬೇಕೆಂದು ಪ್ರಾರ್ಥನೆ.

ಪ್ರಸಂಗ ಆರಂಭವಾದದ್ದು ಹಳೆಯ ವಿದ್ಯಾರ್ಥಿಗಳ ಒಂದು ಸಮ್ಮೇಳನದಲ್ಲಿ. ಬೆಂಗಳೂರು, ಪುಣೆಗಳಲ್ಲಿ ಉದ್ಯೋಗದಲ್ಲಿರುವ ನಾಲ್ಕಾರು ಮಂದಿ ನನ್ನನ್ನು ಸುತ್ತುವರಿದು, "ವಿಕಿಪೀಡಿಯದಲ್ಲಿ ನಮ್ಮ ಶಾಲೆಯದೊಂದು ಪುಟ ಇರಬೇಕು, ಬರೆಯಲು ನಿಮಗಿಂತ ಯೋಗ್ಯರಿಲ್ಲ" ಎಂದರು. ಹೊಗಳಿಕೆಗೆ ಒಲಿಯದವರಾರು? ಒಂದು ವಾರ ಕುಳಿತು, ಶ್ರೀಮಠದ ಪರಂಪರೆ, ಸಂಸ್ಥಾಪಕರ ತ್ಯಾಗ, ದಾನಿಗಳ ಔದಾರ್ಯ, ಪರೀಕ್ಷಾ ಫಲಿತಾಂಶಗಳ ಹಿರಿಮೆ ಇವನ್ನೆಲ್ಲ ತುಂಬಿದ ಎಂಟು ಪುಟಗಳ ಕರಡನ್ನು ಸಿದ್ಧಪಡಿಸಿದೆ. ಅದನ್ನು ಏರಿಸಿಕೊಡಲೆಂದು ನಾನು ಕರೆಸಿಕೊಂಡ ಹಳೆಯ ವಿದ್ಯಾರ್ಥಿ ಹಲವು ವರ್ಷಗಳಿಂದ ಆ ಕೋಶದಲ್ಲಿ ಬಿಡುವಿನ ವೇಳೆಯಲ್ಲಿ ದುಡಿಯುತ್ತಿರುವವನು. ಕರಡನ್ನು ಪೂರ್ತಿ ಓದಿ, ತುಸು ಹೊತ್ತು ಸುಮ್ಮನಿದ್ದು, "ಗುರುಗಳೆ, ತಪ್ಪು ತಿಳೀಬ್ಯಾಡ್ರಿ. ಇದು ಸ್ಮರಣಸಂಚಿಕೆಗೆ ಹೊಂದೂ ಬರಹ. ವಿಶ್ವಕೋಶಕ್ಕ ಅಲ್ರಿ" ಎಂದ.

ನನಗೆ ಕೋಪ ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಅವನು ಶಾಂತನಾಗಿಯೇ ವಿವರಿಸಿದ. ತನ್ನ ಸಂಸ್ಥೆಯನ್ನು ಕುರಿತು ತಾನೇ ಬರೆಯುವುದು ಆ ಕೋಶದ ನೀತಿಗೆ ಒಪ್ಪುವುದಿಲ್ಲ. ಬರೆದ ಪ್ರತಿಯೊಂದು ಸಂಗತಿಗೂ ಹೊರಗಿನವರು ಬರೆದು ಪ್ರಕಟಿಸಿದ ಆಧಾರ ಇರಬೇಕು. 'ತ್ಯಾಗಮೂರ್ತಿ', 'ಜ್ಞಾನದಾಸೋಹಿ' ಎಂಬ ವಿಶೇಷಣಗಳಿಗೆ ಅಲ್ಲಿ ಜಾಗವಿಲ್ಲ. ಹಾಗಾದರೆ ನನ್ನಂಥವನಿಂದ ಆಗುವ ಕೆಲಸ ಅಲ್ಲಿ ಏನೂ ಇಲ್ಲವೇ ಎಂದು ಕೇಳಿದೆ. ಅವನು ಬೇರೊಂದು ಪುಟವನ್ನು ತೆರೆದು, ಅದರ ತಳಭಾಗದಲ್ಲಿದ್ದ ಒಂದು ಸಣ್ಣ ಸಾಲನ್ನು ತೋರಿಸಿದ. 'ವರ್ಗಗಳು' ಎಂದು ಅಲ್ಲಿತ್ತು. "ಇಲ್ಲಿ ಕೆಲಸ ಬಾಳ ಐತ್ರಿ, ಮಾಡವರಿಲ್ಲ" ಎಂದ.

ವಿಕಿಪೀಡಿಯ ಇಂಗ್ಲಿಷಿನಲ್ಲಿ ಆರಂಭವಾದದ್ದು 2001ರ ಜನವರಿಯಲ್ಲಿ, ಕನ್ನಡದಲ್ಲಿ 2003ರಲ್ಲಿ. ಕನ್ನಡದ ಲೇಖನಗಳ ಸಂಖ್ಯೆ ಇಂದು 30,000ವನ್ನು ಮೀರಿದೆ. ಮೊದಲ ಕೆಲವು ವರ್ಷಗಳಲ್ಲಿ ಆ ಕೋಶಕ್ಕೆ ವರ್ಗಗಳೇ ಇರಲಿಲ್ಲ; 2004ರಲ್ಲಿ ಆ ಏರ್ಪಾಡು ಸೇರಿತು. ಅದರ ರೀತಿ ಸರಳ. ಲೇಖನದ ಕೊನೆಯಲ್ಲಿ ಜೋಡಿ ಚೌಕಾವರಣದೊಳಗೆ 'ವರ್ಗ' ಎಂದು ಬರೆದು, ವಿವರಣಚಿಹ್ನೆಯಿಟ್ಟು, ವರ್ಗದ ಹೆಸರನ್ನು ಬರೆದರೆ ಸಾಕು. ಆ ಹೆಸರಿನ ಪುಟದಲ್ಲಿ ಲೇಖನದ ಶೀರ್ಷಿಕೆ ಅಕ್ಷರಾನುಕ್ರಮದಲ್ಲಿ ತಾನಾಗಿಯೇ ಸೇರಿಕೊಳ್ಳುತ್ತದೆ. ಒಂದು ಲೇಖನ ಹಲವು ವರ್ಗಗಳಲ್ಲಿ ಇರಬಹುದು. ವರ್ಗದೊಳಗೆ ಉಪವರ್ಗ, ಅದರೊಳಗೆ ಮತ್ತೊಂದು, ಹೀಗೆ ಬೆಳೆಯಬಹುದು. ಯಾರು ಬೇಕಾದರೂ ವರ್ಗವನ್ನು ಹುಟ್ಟಿಸಬಹುದು, ತೆಗೆಯಬಹುದು, ಬದಲಿಸಬಹುದು. ಯಾರು ಯಾವಾಗ ಏನು ಬದಲಿಸಿದರೆಂಬುದು ಪ್ರತಿ ಪುಟದ ಇತಿಹಾಸದಲ್ಲಿ ದಾಖಲಾಗಿ ಉಳಿಯುತ್ತದೆ.

ವರ್ಗ ಎಂಬ ಶಬ್ದವು ನನ್ನನ್ನು ನಲವತ್ತು ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳಗಿನ ಜಾವ ಎದ್ದು ಅಮರಕೋಶವನ್ನು ಗಟ್ಟಿಮಾಡಿದವರಿಗೆ ಈ ಶಬ್ದದ ಅರ್ಥವನ್ನು ಹೇಳಬೇಕಾಗಿಲ್ಲ. ಅಮರಸಿಂಹನ ಕೋಶ ಅಕಾರಾದಿಯಲ್ಲ. ಮೂರು ಕಾಂಡಗಳು, ಕಾಂಡಗಳೊಳಗೆ ವರ್ಗಗಳು. ಸ್ವರ್ಗವರ್ಗ, ವ್ಯೋಮವರ್ಗ, ದಿಗ್ವರ್ಗ, ಕಾಲವರ್ಗ. ಎರಡನೆಯ ಕಾಂಡದಲ್ಲಿ ಭೂಮಿವರ್ಗ, ಪುರವರ್ಗ, ಶೈಲವರ್ಗ, ವನೌಷಧಿವರ್ಗ, ಸಿಂಹಾದಿವರ್ಗ. ಹೀಗೆ ಜಗತ್ತನ್ನೇ ಹಂಚಿಟ್ಟ ಕ್ರಮ ಅದು. ಎಲ್ಲಿಯೂ ಹೊಂದದ ಶಬ್ದಗಳಿಗೆ ಮೂರನೆಯ ಕಾಂಡದಲ್ಲಿ ಸಂಕೀರ್ಣವರ್ಗವಿದೆ. ಒಂದೇ ಶಬ್ದಕ್ಕೆ ಹಲವು ಅರ್ಥಗಳಿದ್ದರೆ ನಾನಾರ್ಥವರ್ಗವಿದೆ. ಇಂದಿನ ಕೋಶದಲ್ಲಿಯೂ ಒಂದೇ ಹೆಸರಿನ ಊರು, ವ್ಯಕ್ತಿ, ಗ್ರಂಥಗಳನ್ನು ಬೇರ್ಪಡಿಸಿ ತೋರಿಸುವ ಪುಟಗಳಿವೆ. ಅವು ನಾನಾರ್ಥವರ್ಗದ ಮೊಮ್ಮಕ್ಕಳೆಂದೇ ನನಗೆ ತೋರಿತು. ನಾವು ಕಲಿತ ವಿದ್ಯೆಗೂ ಈ ಹೊಸ ಕೆಲಸಕ್ಕೂ ನೆಂಟಸ್ತಿಕೆಯಿದೆಯೆಂಬ ಧೈರ್ಯ ನನಗೆ ಬಂದದ್ದು ಹೀಗೆ.

ಆದರೆ ಅದೇ ಅಮರಕೋಶ ಇನ್ನೊಂದು ಪಾಠವನ್ನೂ ಹೇಳುತ್ತದೆ. ಮನುಷ್ಯವರ್ಗವಾದ ಮೇಲೆ ಬ್ರಹ್ಮ, ಕ್ಷತ್ರಿಯ, ವೈಶ್ಯ, ಶೂದ್ರ ಎಂಬ ವರ್ಗಗಳು ಬರುತ್ತವೆ. ಕುಂಬಾರನಿಗೂ ನೇಕಾರನಿಗೂ ಹೇಳಿರುವ ಶಬ್ದಗಳು ಶೂದ್ರವರ್ಗದಲ್ಲಿವೆ. ಶಬ್ದಗಳನ್ನು ನೆನಪಿಡಲು ಮಾಡಿದ ಪೆಟ್ಟಿಗೆಯಲ್ಲಿ ಒಂದು ಕಾಲದ ಸಮಾಜದ ತೀರ್ಪೂ ಕುಳಿತಿದೆ. ನಾನು ಬಾಲ್ಯದಲ್ಲಿ ಅದನ್ನು ಕಂಠಪಾಠ ಮಾಡುವಾಗ ಈ ಮಾತು ಹೊಳೆದಿರಲಿಲ್ಲ. ಯಾರೂ ಹೇಳಿಕೊಡಲೂ ಇಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕವನ್ನೇ ಗೌರವದ ಹೆಸರಾಗಿ ಧರಿಸಿದವರ ಪರಂಪರೆಯ ಶಾಲೆಯಲ್ಲಿ ಕಲಿಸುತ್ತಿರುವ ನಾನು ಇದನ್ನು ಮೊದಲೇ ಕಾಣಬೇಕಿತ್ತು. ವರ್ಗೀಕರಣ ಎಂಬುದು ಗುಮಾಸ್ತನ ಕೆಲಸವಲ್ಲ. ಯಾರು ಯಾರ ಪಕ್ಕದಲ್ಲಿ ಕೂರಬೇಕು, ಯಾರು ಹೊರಗೆ ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಕೆಲಸ ಅದು.

ಬೇರೆ ದೇಶದವರೂ ಈ ದೋಷಕ್ಕೆ ಹೊರತಲ್ಲ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಅಂಟಿಸಿರುವ ಸಂಖ್ಯೆಗಳು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿಗೆ ಸೇರಿದವು. ಅದರಲ್ಲಿ ಮತಧರ್ಮಗಳಿಗೆ 200ರಿಂದ ಮುಂದಿನ ನೂರು ಸಂಖ್ಯೆಗಳಿವೆ. ಅವುಗಳಲ್ಲಿ 220ರಿಂದ 280ರವರೆಗಿನ ಹತ್ತುಗಳೆಲ್ಲ ಬೈಬಲ್ಲಿಗೂ ಕ್ರೈಸ್ತಮತಕ್ಕೂ ಮೀಸಲಾದವು. ಉಳಿದ ಲೋಕದ ಮತಗಳೆಲ್ಲವೂ 290ರೊಳಗೆ ಇಕ್ಕಟ್ಟಿನಲ್ಲಿ ನಿಲ್ಲಬೇಕಾಯಿತು. ಸಾವಿರ ವರ್ಷಗಳನ್ನು ಮೀರಿದ ಕನ್ನಡ ಸಾಹಿತ್ಯಕ್ಕೆ ದೊರೆತ ಸಂಖ್ಯೆ 894.814. ದಶಾಂಶ ಬಿಂದುವಿನ ಆಚೆ ಮೂರನೆಯ ಮನೆಯಲ್ಲಿ ನಮ್ಮ ವಾಸ! ಡ್ಯೂಯಿ ದ್ವೇಷದಿಂದ ಹಾಗೆ ಮಾಡಿದನೆಂದು ನಾನು ಹೇಳುವುದಿಲ್ಲ. ತನ್ನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ನೋಡಿ ಅವನು ಲೋಕವನ್ನು ಹಂಚಿದ. ನಾವು ನಮ್ಮ ಕಪಾಟನ್ನು ನಾವೇ ಜೋಡಿಸದಿದ್ದರೆ ಬೇರೆಯವರ ಹಂಚಿಕೆಯಲ್ಲಿ ಹೀಗೆಯೇ ಉಳಿಯುತ್ತೇವೆಂಬುದಷ್ಟೇ ನನ್ನ ಮಾತು.

ಭಾರತದಲ್ಲಿ ಈ ಶಾಸ್ತ್ರಕ್ಕೆ ಹೊಸ ದಾರಿಯನ್ನು ತೋರಿದವರು ಎಸ್. ಆರ್. ರಂಗನಾಥನ್. ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರವನ್ನು ಸ್ಥಾಪಿಸಿದರು. ಒಂದು ವಿಷಯಕ್ಕೆ ಒಂದೇ ಮನೆ ಎನ್ನದೆ, ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಅದನ್ನು ನೋಡಬೇಕೆಂಬುದು ಅವರ ದರ್ಶನ. ಪುಸ್ತಕ ಒಂದೇ ಕಪಾಟಿನಲ್ಲಿ ನಿಲ್ಲಬಲ್ಲದು. ವಿಕಿಪೀಡಿಯದ ಲೇಖನಕ್ಕೆ ಆ ಕಟ್ಟಿಲ್ಲ. ಇಳಕಲ್ಲ ಸೀರೆಯ ಲೇಖನ 'ನೇಕಾರಿಕೆ'ಯಲ್ಲಿಯೂ 'ಉಡುಪು'ಗಳಲ್ಲಿಯೂ 'ಬಾಗಲಕೋಟೆ ಜಿಲ್ಲೆ'ಯಲ್ಲಿಯೂ ಏಕಕಾಲಕ್ಕೆ ಕೂರಬಹುದು. ಈ ಸೌಕರ್ಯ ಅಮರಸಿಂಹನಿಗೂ ಇರಲಿಲ್ಲ, ಡ್ಯೂಯಿಗೂ ಇರಲಿಲ್ಲ.

ಸೌಕರ್ಯ ಹೆಚ್ಚಿದಷ್ಟೂ ಶಿಸ್ತು ಹೆಚ್ಚಬೇಕು. ಇಲ್ಲಿ ನಮ್ಮ ತರ್ಕಶಾಸ್ತ್ರ ನೆರವಿಗೆ ಬರುತ್ತದೆ. ಲಕ್ಷಣಕ್ಕೆ ಮೂರು ದೋಷಗಳುಂಟೆಂದು ತರ್ಕಸಂಗ್ರಹವನ್ನು ಓದಿದವರೆಲ್ಲರೂ ಬಲ್ಲರು. ಹಸುವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಹಸುವೆಂದರೆ ಒಂಟಿ ಗೊರಸುಳ್ಳದ್ದು ಎಂದರೆ ಯಾವ ಹಸುವೂ ಸಿಕ್ಕುವುದಿಲ್ಲ; ಇದು ಅಸಂಭವ. 'ಕರ್ನಾಟಕ' ಎಂಬ ಒಂದೇ ವರ್ಗದಲ್ಲಿ ಕವಿ, ಬೆಟ್ಟ, ಸಿಹಿತಿಂಡಿ, ರೈಲುನಿಲ್ದಾಣಗಳನ್ನೆಲ್ಲ ತುರುಕಿದರೆ ಅದು ಅತಿವ್ಯಾಪ್ತಿ. ಕನ್ನಡ ಲೇಖಕರಿಗೆಲ್ಲ 'ಕರ್ನಾಟಕದ ಲೇಖಕರು' ಎಂಬುದೊಂದೇ ವರ್ಗವನ್ನಿಟ್ಟರೆ, ಇಂದು ಕೇರಳಕ್ಕೆ ಸೇರಿರುವ ಕಾಸರಗೋಡಿನ ನೆಲದಲ್ಲಿ ಹುಟ್ಟಿ ಅಲ್ಲಿಯೇ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳಿಗೆ ಜಾಗ ಎಲ್ಲಿ? ಅದು ಅವ್ಯಾಪ್ತಿ. ಇಂಗ್ಲಿಷಿನ ವರ್ಗವೊಂದರ ಹೆಸರನ್ನು ಹಾಗೆಯೇ ಅನುವಾದಿಸಿ ಇಟ್ಟು, ಒಳಗೆ ಸೇರಿಸಲು ಕನ್ನಡದಲ್ಲಿ ಒಂದು ಲೇಖನವೂ ಇಲ್ಲದಿದ್ದರೆ ಅದು ಅಸಂಭವ. 'ಶರಣರು' ಎಂಬುದನ್ನು 'ವಚನಸಾಹಿತ್ಯ'ದ ಉಪವರ್ಗವಾಗಿಸಿ, ತಿಳಿಯದೆ ಮತ್ತೊಬ್ಬರು 'ವಚನಸಾಹಿತ್ಯ'ವನ್ನು 'ಶರಣರು' ಎಂಬುದರ ಉಪವರ್ಗವಾಗಿಸಿದರೆ ಅನ್ಯೋನ್ಯಾಶ್ರಯ. ಮೂರು ವರ್ಗಗಳು ಹೀಗೆ ಒಂದರ ಬಾಲವನ್ನೊಂದು ಕಚ್ಚಿದರೆ ಚಕ್ರಕ. ಹುಡುಕುವವನು ಗಾಣದ ಎತ್ತಿನಂತೆ ಸುತ್ತುತ್ತಿರಬೇಕು.

ಇಷ್ಟು ಶಾಸ್ತ್ರವನ್ನು ಬಲ್ಲ ನಾನೇ ಮೊದಲ ದಿನ ಮುಗ್ಗರಿಸಿದೆ. ಹಳಗನ್ನಡದ ಕವಿಯೊಬ್ಬನ ಲೇಖನಕ್ಕೆ 'ಮಹಾಕವಿಗಳು' ಎಂಬ ಹೊಸ ವರ್ಗವನ್ನು ಕಟ್ಟಹೊರಟೆ. ಪಕ್ಕದಲ್ಲಿ ಕುಳಿತಿದ್ದ ಶಿಷ್ಯ, "ಗುರುಗಳೆ, ಇವರು ಮಹಾಕವಿ ಅಂತ ತೀರ್ಮಾನ ಮಾಡವರು ಯಾರ್ರಿ?" ಎಂದು ಕೇಳಿದ. "ಸಾವಿರ ವರ್ಷದ ಸಹೃದಯರು ಮಾಡಿದ್ದಾರಪ್ಪಾ" ಎಂದೆ. "ಹಂಗಾದ್ರ ನಾಳೆ ನಮ್ಮ ಓಣಿ ಕವಿಗಳ ಅಭಿಮಾನಿ ಬಂದು ಅವರನ್ನೂ ಸೇರಿಸಿದ್ರ ಏನು ಮಾಡಬೇಕ್ರಿ?" ಎಂದ. ನಿರುತ್ತರನಾದೆ. ವರ್ಗವು ಹೊಗಳಿಕೆಯನ್ನು ಹೇಳಬಾರದು. ಎಲ್ಲರೂ ಪರಿಶೀಲಿಸಬಲ್ಲ ಸಂಗತಿಯನ್ನು ಹೇಳಬೇಕು. 'ಹತ್ತನೆಯ ಶತಮಾನದ ಕನ್ನಡ ಕವಿಗಳು' ಎಂಬುದು ವರ್ಗ. 'ಮಹಾಕವಿಗಳು' ಎಂಬುದು ತೀರ್ಪು. ಅಂದು ನಾನು ಶಿಷ್ಯನಿಂದ ಕಲಿತ ಪಾಠ ಇದು.

ವರ್ಗದಿಂದ ಆಗುವ ಅನ್ಯಾಯಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2013ರ ಏಪ್ರಿಲಿನಲ್ಲಿ ಅಮೆರಿಕದ ಕಾದಂಬರಿಗಾರ್ತಿ ಅಮಾಂಡಾ ಫಿಲಿಪಾಕಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ 'ಅಮೆರಿಕದ ಕಾದಂಬರಿಕಾರರು' ಎಂಬ ವರ್ಗದಿಂದ ಸ್ತ್ರೀಯರನ್ನು ಒಬ್ಬೊಬ್ಬರನ್ನಾಗಿ ತೆಗೆದು 'ಅಮೆರಿಕದ ಕಾದಂಬರಿಗಾರ್ತಿಯರು' ಎಂಬ ಉಪವರ್ಗಕ್ಕೆ ಸಾಗಿಸಲಾಗುತ್ತಿದೆಯೆಂಬುದನ್ನು ಅವರು ಕಂಡಿದ್ದರು. ವರ್ಗ ತುಂಬಾ ದೊಡ್ಡದಾಯಿತು, ಒಡೆಯೋಣ ಎಂಬ ಸದುದ್ದೇಶವೇ ಇದ್ದಿರಬಹುದು. ಫಲ ಮಾತ್ರ, ಕಾದಂಬರಿಕಾರರೆಂದರೆ ಪುರುಷರೇ ಎಂಬಂತಾಯಿತು. ದೊಡ್ಡ ಚರ್ಚೆ ನಡೆಯಿತು. ಈ ಎಚ್ಚರ ನಮಗೂ ಬೇಕು. 'ವಚನಕಾರ್ತಿಯರು' ಎಂಬ ವರ್ಗ ಇರಲಿ, ಅಭ್ಯಾಸಿಗೆ ಅದು ಉಪಯುಕ್ತ. ಆದರೆ ಅಕ್ಕಮಹಾದೇವಿಯೂ ಆಯ್ದಕ್ಕಿ ಲಕ್ಕಮ್ಮನೂ 'ವಚನಕಾರರು' ಎಂಬ ಮುಖ್ಯ ಪಂಕ್ತಿಯಿಂದ ಏಳಬಾರದು.

ಹಂಚುವ, ಮರುಹಂಚುವ ಈ ಕೆಲಸ ನಮಗೆ ಹೊಸತೇನಲ್ಲ. ಹದಿನೈದನೆಯ ಶತಮಾನದಿಂದ ಮುಂದೆ ಸಂಕಲನಕಾರರು ಚದುರಿಹೋಗಿದ್ದ ವಚನಗಳನ್ನು ಒಗ್ಗೂಡಿಸಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಅಳವಡಿಸಿದರು. ಅದಕ್ಕೆ ಸ್ಥಲಕಟ್ಟು ಎಂದು ಹೆಸರು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಸ್ಥಲದಲ್ಲಿಯೂ ಮತ್ತೊಂದು ಕಟ್ಟಿನಲ್ಲಿ ಬೇರೊಂದು ಸ್ಥಲದಲ್ಲಿಯೂ ಕಾಣಿಸಿಕೊಳ್ಳುವುದುಂಟು. ಶೂನ್ಯಸಂಪಾದನೆಯನ್ನು ನೋಡಿರಿ: ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಎಂದು ನಾಲ್ವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಹಿಂದಿನವರ ಕಟ್ಟನ್ನು ತಿದ್ದುವುದು ಅವರಿಗೆ ಅವಿನಯವೆನಿಸಲಿಲ್ಲ. ಹಿಂದಿನವರನ್ನು ಮರೆಯುವುದೂ ಧರ್ಮವೆನಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿವೃತ್ತಿಯಿಂದ ಬಂದ ಹಣವನ್ನು ಸುರಿದು, ಮನೆಮನೆಯ ಜಗಲಿಗಳಿಂದ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ವಿಷಯಾನುಸಾರವಾಗಿ ಜೋಡಿಸಿ ಹೊರತಂದರು. ಸಂಬಳವಿಲ್ಲದ ಸಂಪಾದಕನೆಂದರೆ ಯಾರೆಂದು ತಿಳಿಯಲು ನಾವು ವಿದೇಶಕ್ಕೆ ಹೋಗಬೇಕಾಗಿಲ್ಲ.

ಇನ್ನು ಸ್ವಯಂಸೇವಕರ ವ್ಯವಸ್ಥೆಯ ವಿಚಾರ. ಇದಕ್ಕೆ ಎರಡು ಮಾದರಿಗಳು ನಮ್ಮ ಕಣ್ಣೆದುರಿಗಿವೆ. ಮೊದಲನೆಯದು 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಓಪನ್ ಡೈರೆಕ್ಟರಿ ಪ್ರಾಜೆಕ್ಟ್. ಜಗತ್ತಿನ ಜಾಲತಾಣಗಳನ್ನೆಲ್ಲ ವಿಷಯವಾರು ಪಟ್ಟಿಮಾಡುವುದು ಅದರ ಉದ್ದೇಶ. ಸಂಪಾದಕನಾಗಬಯಸುವವನು ಒಂದು ಸಣ್ಣ ವರ್ಗಕ್ಕೆ ಅರ್ಜಿ ಹಾಕಬೇಕು. ತನ್ನ ಯೋಗ್ಯತೆಗೆ ಮಾದರಿಯನ್ನು ತೋರಿಸಬೇಕು. ಹಿರಿಯ ಸಂಪಾದಕರು ಒಪ್ಪಿದರೆ ಆ ವರ್ಗ ಅವನ ವಶಕ್ಕೆ ಬರುತ್ತದೆ. ಅದು ಬೆಳೆದ ಪರಿ ಅದ್ಭುತ. ಕೊನೆಗೆ ಹತ್ತು ಲಕ್ಷ ಮೀರಿದ ವರ್ಗಗಳು, ಸುಮಾರು 38 ಲಕ್ಷ ತಾಣಗಳು ಅದರಲ್ಲಿದ್ದವು. ಅದರ ಜೀವಮಾನದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಸಂಪಾದಕರಾಗಿ ಬಂದುಹೋಗಿದ್ದರು. ಆದರೆ ಬಾಗಿಲು ಕಿರಿದು. ತಾಣವನ್ನು ಸೂಚಿಸಿದವರು ಪರಿಶೀಲನೆಗಾಗಿ ಬಹುಕಾಲ ಕಾಯಬೇಕಿತ್ತು. ವರ್ಗದ ಸಂಪಾದಕ ದೂರವಾದರೆ ಕೆಲಸ ನಿಂತುಬಿಡುತ್ತಿತ್ತು. ಶೋಧಯಂತ್ರಗಳು ಪ್ರಬಲವಾದ ಮೇಲೆ ಅದು ಸೊರಗಿ, 2017ರ ಮಾರ್ಚಿನಲ್ಲಿ ಮುಚ್ಚಿಹೋಯಿತು.

ಎರಡನೆಯ ಮಾದರಿ ವಿಕಿಪೀಡಿಯ. ಇಲ್ಲಿ ಬಾಗಿಲೇ ಇಲ್ಲ, ಎಲ್ಲರಿಗೂ ಪ್ರವೇಶ. ಯಾವ ಪುಟಕ್ಕೂ ಯಾರೂ ಒಡೆಯರಲ್ಲ. ಭಿನ್ನಾಭಿಪ್ರಾಯ ಬಂದರೆ ಚರ್ಚೆಯ ಪುಟವಿದೆ. ಕನ್ನಡದವರು ಎಲ್ಲರೂ ಕೂಡಿ ಮಾತನಾಡುವ ಪುಟಕ್ಕೆ 'ಅರಳಿಕಟ್ಟೆ' ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ಸಮುದಾಯವೇ ಆರಿಸಿದ ಕೆಲವರು ನಿರ್ವಾಹಕರಾಗಿ, ಕಿಡಿಗೇಡಿತನವನ್ನು ತಡೆಯುವ, ಪುಟಗಳನ್ನು ಅಳಿಸುವ ಅಧಿಕಾರವನ್ನು ಹೊಂದಿರುತ್ತಾರೆ. ಈ ಮುಕ್ತತೆಯೇ ಅದರ ಆಯುಷ್ಯದ ಗುಟ್ಟು. ಆದರೆ ಎಲ್ಲರ ಹೊಣೆ ಎಂದರೆ ಹಲವು ವೇಳೆ ಯಾರ ಹೊಣೆಯೂ ಅಲ್ಲ ಎಂದಾಗುತ್ತದೆ. ಊರ ಕೆರೆಯ ಹೂಳಿನ ಕಥೆ ನಮಗೆ ಗೊತ್ತೇ ಇದೆ.

ಕನ್ನಡದಲ್ಲಿ ಈ ಕೊರತೆ ಎದ್ದುಕಾಣುತ್ತದೆ. 2010ರ ಆಸುಪಾಸಿನಲ್ಲಿ ಯಂತ್ರಾನುವಾದದ ನೆರವಿನಿಂದ ಇಂಗ್ಲಿಷಿನ ಲೇಖನಗಳು ರಾಶಿರಾಶಿಯಾಗಿ ಬಂದು ಬಿದ್ದವು. ಭಾಷೆಯನ್ನು ತಿದ್ದಿ ಜೋಡಿಸುವ ಕೈಗಳು ಅಷ್ಟಿರಲಿಲ್ಲ. ಕಾಲೇಜುಗಳಲ್ಲಿ ಒಂದು ದಿನದ ಕಮ್ಮಟ ನಡೆಯುತ್ತದೆ. ಹತ್ತಾರು ವಿದ್ಯಾರ್ಥಿಗಳು ಉತ್ಸಾಹದಿಂದ ಬರೆಯುತ್ತಾರೆ. ಪ್ರಮಾಣಪತ್ರ ಪಡೆದ ಮೇಲೆ ಅವರಲ್ಲಿ ಬಹುಮಂದಿ ಮತ್ತೆ ಆ ಕಡೆ ಸುಳಿಯುವುದಿಲ್ಲ. ಅವರ ಲೇಖನಗಳು ವರ್ಗವಿಲ್ಲದೆ, ಹಾಜರಿಪುಸ್ತಕದಲ್ಲಿ ಹೆಸರಿಲ್ಲದ ಮಕ್ಕಳಂತೆ, ಹೊರಗೆ ನಿಂತಿರುತ್ತವೆ. ಒಬ್ಬರು 'ಲೇಖಕರು' ಎಂದು, ಮತ್ತೊಬ್ಬರು 'ಸಾಹಿತಿಗಳು' ಎಂದು, ಇನ್ನೊಬ್ಬರು 'ಬರಹಗಾರರು' ಎಂದು ಬರೆದರೆ ಒಂದೇ ಕುಟುಂಬಕ್ಕೆ ಮೂರು ಒಲೆ. ಲಿಪಿಯ ತೊಡಕು ಬೇರೆ: 'ಷಟ್‌ಸ್ಥಲ' ಎಂದು ಬಿಡಿಸಿ ಬರೆದರೂ 'ಷಟ್ಸ್ಥಲ' ಎಂದು ಒತ್ತಕ್ಷರವಾಗಿ ಬರೆದರೂ ಓದುಗನಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ವರ್ಗಗಳು. ಊರುಗಳ ಹೆಸರುಗಳೂ ಜಿಲ್ಲೆಗಳ ಎಲ್ಲೆಗಳೂ ಬದಲಾಗುತ್ತಿರುತ್ತವೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ಹುಟ್ಟಿತು. ಹಂಪಿ ಇದ್ದಲ್ಲಿಯೇ ಇದ್ದರೂ ಅದರ ವರ್ಗ ಬದಲಾಗಬೇಕಾಯಿತು. ಇಂಥದನ್ನು ನೆನಪಿಟ್ಟು ಪುಟಪುಟದಲ್ಲಿ ತಿದ್ದುವವರು ಯಾರು?

ನನ್ನ ಅಭಿಪ್ರಾಯವನ್ನು ಈಗ ಹೇಳುತ್ತೇನೆ. ನಮ್ಮ ಕಡೆಯ ಶಾಲೆಗಳಲ್ಲಿ ತರಗತಿಗೆ ವರ್ಗವೆಂದೇ ಹೆಸರು. ಪ್ರತಿ ವರ್ಗಕ್ಕೂ ಒಬ್ಬ ವರ್ಗಶಿಕ್ಷಕನಿರುತ್ತಾನೆ. ವರ್ಗ ಅವನ ಆಸ್ತಿಯಲ್ಲ. ಗಣಿತದವರು ಬರುತ್ತಾರೆ, ವಿಜ್ಞಾನದವರು ಬರುತ್ತಾರೆ, ತಮ್ಮ ಪಾಠವನ್ನು ಹೇಳಿ ಹೋಗುತ್ತಾರೆ. ಆದರೆ ಬೆಳಿಗ್ಗೆ ಹಾಜರಿ ಕರೆಯುವವನು, ಹೊಸದಾಗಿ ಸೇರಿದ ಹುಡುಗನಿಗೆ ಜಾಗ ತೋರಿಸುವವನು, ಮೂರು ದಿನ ಬಾರದವನ ಮನೆಗೆ ಹೇಳಿಕಳುಹಿಸುವವನು ಅವನೇ. ಕನ್ನಡದ ವಿಶ್ವಕೋಶಕ್ಕೆ ಇಂದು ಬೇಕಾದವನು ಇಂಥ ವರ್ಗಶಿಕ್ಷಕ. ಮೊದಲನೆಯ ಮಾದರಿಯ ಹೊಣೆಗಾರಿಕೆ ಅವನಲ್ಲಿರಲಿ; ಎರಡನೆಯ ಮಾದರಿಯ ತೆರೆದ ಬಾಗಿಲು ಹಾಗೆಯೇ ಇರಲಿ.

ಅವನ ಕರ್ತವ್ಯಗಳು ಇವು. ತಾನು ಒಪ್ಪಿಕೊಂಡ ವರ್ಗದ ಪುಟದ ತಲೆಯಲ್ಲಿ, ಇಲ್ಲಿ ಏನು ಸೇರಬೇಕು ಏನು ಸೇರಬಾರದು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಪಟ್ಟಿಯನ್ನು ಪೂರ್ತಿಯಾಗಿ ಓದಬೇಕು. ವರ್ಗವಿಲ್ಲದೆ ನಿಂತ ಲೇಖನಗಳಲ್ಲಿ ತನ್ನವು ಯಾವುವೆಂದು ಹುಡುಕಿ ತರಬೇಕು. ಎರಡು ವರ್ಗಗಳನ್ನು ಒಂದುಗೂಡಿಸುವ ಮೊದಲು ಚರ್ಚೆಯ ಪುಟದಲ್ಲಿ ಕೇಳಿ, ಕೆಲವು ದಿನ ಕಾಯಬೇಕು. ಹೊಸಬನು ತಪ್ಪು ಮಾಡಿದರೆ ಅಳಿಸಿ ಸುಮ್ಮನಾಗದೆ ಕಾರಣವನ್ನು ಬರೆಯಬೇಕು. ಬಿಡುವಿಲ್ಲದೆ ಹೋದಾಗ ಇನ್ನೊಬ್ಬರಿಗೆ ಪ್ರಭಾರವನ್ನು ವಹಿಸಿಕೊಟ್ಟು ಹೊರಡಬೇಕು. ಇದರಲ್ಲಿ ಯಾವುದಕ್ಕೂ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ.

ಆಕ್ಷೇಪಗಳಿಲ್ಲದೆ ಇಲ್ಲ. ಯಾರು ಬೇಕಾದರೂ ತಿದ್ದುವ ಕೋಶ ಪ್ರಮಾಣವಾಗುವುದು ಹೇಗೆಂದು ನನ್ನ ಸಮಕಾಲೀನ ಪಂಡಿತರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಬಲ್ಲವರು ಹೊರಗೆ ನಿಂತು ಮೂಗು ಮುರಿಯುವುದರಿಂದ ಅದು ಪ್ರಮಾಣವಾಗುವುದಿಲ್ಲ; ಒಳಗೆ ಬಂದು ಆಧಾರಸಹಿತವಾಗಿ ತಿದ್ದಿದರೆ ಆಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 1969ರಿಂದ 2004ರವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ವಿದ್ವಾಂಸರ ಆ ಮಹಾಶ್ರಮದ ಸಂಪುಟಗಳನ್ನು ವಿಶ್ವವಿದ್ಯಾನಿಲಯವು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಡಲು ತೊಡಗಿತು. ಹಳೆಯ ಪ್ರಮಾಣವೇ ಹೊಸ ಮನೆಗೆ ಕಂಬವಾಗಿ ಬಂದಿರುವಾಗ ನಾವು ಹೊಸ್ತಿಲ ಆಚೆ ನಿಲ್ಲುವುದು ತರವೇ? ಮತ್ತೆ ಕೆಲವರು, ಈಗ ಪ್ರಶ್ನೆ ಕೇಳಿದರೆ ಕೃತಕ ಬುದ್ಧಿಮತ್ತೆಯ ಯಂತ್ರವೇ ಉತ್ತರ ಹೇಳುವಾಗ ವರ್ಗಗಳಿಂದ ಏನು ಪ್ರಯೋಜನವೆನ್ನುತ್ತಾರೆ. ಕೇಳುವವನಿಗೆ ಏನನ್ನು ಕೇಳಬೇಕೆಂದು ತಿಳಿದಿರಬೇಕಲ್ಲವೆ? ಅಕ್ಕನನ್ನು ಹುಡುಕಿ ಬಂದ ಬಾಲಕಿಗೆ, ಪಕ್ಕದಲ್ಲಿಯೇ ಸತ್ಯಕ್ಕನೂ ಇದ್ದಾಳೆಂದು ತೋರಿಸುವುದು ವರ್ಗ. ಅಷ್ಟೇ ಅಲ್ಲ, ಯಾರ ಲೇಖನ ಇನ್ನೂ ಇಲ್ಲವೆಂಬ ಖಾಲಿ ಮಣೆಯನ್ನು ತೋರಿಸುವುದೂ ಅದೇ.

ಆದುದರಿಂದ ನನ್ನ ವಿನಂತಿ ಮೂರು. ಅಧ್ಯಾಪಕ ಮಿತ್ರರು ತಮ್ಮ ತಮ್ಮ ವಿಷಯದಲ್ಲಿ ಒಂದೊಂದು ವರ್ಗವನ್ನು, ಒಂದೇ ಒಂದನ್ನು, ಒಪ್ಪಿಕೊಳ್ಳಲಿ. ಹಳೆಯ ವಿದ್ಯಾರ್ಥಿಗಳು ಯಂತ್ರದ ಕೌಶಲವನ್ನು ನಮ್ಮಂಥ ಹಿರಿಯರಿಗೆ ಕಲಿಸಿ, ಒಬ್ಬ ಪಂಡಿತನಿಗೆ ಒಬ್ಬ ತಂತ್ರಜ್ಞ ಜೊತೆಯಾಗುವಂತೆ ನೋಡಿಕೊಳ್ಳಲಿ. ದಾನಿಗಳು ಮುಂದಿನ ಸಲ ಕೊಠಡಿಯೊಂದಕ್ಕೆ ಹೆಸರು ಬರೆಸುವ ಮೊದಲು, ಗ್ರಂಥಾಲಯಕ್ಕೆ ಶಾಸನಸಂಪುಟಗಳು, ಜಿಲ್ಲಾ ಗ್ಯಾಸೆಟಿಯರುಗಳು, ನಿಘಂಟುಗಳು ಬರುವಂತೆ ಮಾಡಲಿ. ಆಧಾರಗ್ರಂಥವಿಲ್ಲದ ಸಂಪಾದಕ ಕೈಯಿಲ್ಲದ ನೇಕಾರ.

ನಾನು 'ಕನ್ನಡ ವ್ಯಾಕರಣ' ಎಂಬ ವರ್ಗವನ್ನು ಒಪ್ಪಿಕೊಂಡಿದ್ದೇನೆ. ಅಲ್ಲಿ ನನ್ನ ಹೆಸರನ್ನು ಯಾರೂ ಕಾಣುವುದಿಲ್ಲ. ಪುಟದ ಇತಿಹಾಸವನ್ನು ತೆರೆದು ನೋಡುವವರಿಗೆ ಮಾತ್ರ ಕಾಣುತ್ತದೆ. ಎಂಟು ಪುಟಗಳ ಆ ಕರಡು ಇನ್ನೂ ನನ್ನ ಮೇಜಿನ ಅರೆಯಲ್ಲಿದೆ. ನಮ್ಮ ಶಾಲೆಯ ಪುಟವನ್ನು ಎಂದಾದರೂ ಹೊರಗಿನವರೊಬ್ಬರು, ತಾವು ಕಂಡ ಆಧಾರಗಳಿಂದ, ತಾವಾಗಿಯೇ ಬರೆಯಲಿ. ಆ ದಿನ ಬಂದಾಗ ಅದು ಸರಿಯಾದ ವರ್ಗದಲ್ಲಿ ಕೂರುವಂತೆ ಜಾಗ ಸಿದ್ಧವಾಗಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.